ಆನೆ ಮೆಸೇಜು ಮತ್ತು ಅಧ್ಯಕ್ಷೆಯ ತಾಮನೆ

ಆ ಬುಧವಾರ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಕಂಪ್ಯೂಟರು ನನಗೆ 'ಪಾಸ್‌ವರ್ಡ್ ತಪ್ಪಾಗಿದೆ' ಎಂದಿತು. ನಾನು ತಪ್ಪು ಒತ್ತುವವಳಲ್ಲ. ಮೂರು ವರ್ಷದಿಂದ ದಿನಾ ಬೆಳಿಗ್ಗೆ ಒಂದು ಕೈಯಲ್ಲಿ ಕಾಫಿ ಲೋಟ ಹಿಡಿದು ಇನ್ನೊಂದು ಕೈಯಲ್ಲಿ ಒತ್ತುತ್ತಿದ್ದ ಅಕ್ಷರಗಳು ಅವು. ಆದರೂ ಲೋಟ ಕೆಳಗಿಟ್ಟು, ಒಂದೊಂದೇ ಅಕ್ಷರ ನೋಡಿಕೊಂಡು ಮತ್ತೆ ಒತ್ತಿದೆ. ಅದೇ ಉತ್ತರ ಬಂತು. ಮೂರನೆಯ ಸಲಕ್ಕೆ 'ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ' ಎಂದು ಹೇಳಿ ಸುಮ್ಮನಾಯಿತು.

ಸ್ವಲ್ಪ ಹೊತ್ತು ಬಿಡಲು ನನ್ನ ಹತ್ತಿರ ಹೊತ್ತೇ ಇರಲಿಲ್ಲ. ಕೊಡಗಿನ ಬಿಟ್ಟಂಗಾಲದ ಆಸುಪಾಸಿನ ಹದಿನಾಲ್ಕು ಕಾಫಿ ತೋಟದವರು ಸೇರಿ ಮಾಡಿಕೊಂಡ ಸಣ್ಣ ಬೆಳೆಗಾರರ ಸಂಘ ನಮ್ಮದು. ಅದರ ಕಚೇರಿಗೆ ನಾನೊಬ್ಬಳೇ ಕ್ಲಾರ್ಕು. ಗೊಬ್ಬರದ ಪಟ್ಟಿ, ಮೀಟಿಂಗಿನ ನೋಟೀಸು ಎಲ್ಲವೂ ನನ್ನ ಪಾಲಿಗೇ ಇವೆ, ಆದರೆ ದಿನದ ಮೊದಲ ಕೆಲಸ ಆನೆ ಮೆಸೇಜು. ಸಂಘದ ವಾಚರು ನಸುಕಿನಲ್ಲೇ ಹೊರಟು ಲದ್ದಿ, ಹೆಜ್ಜೆ, ಮುರಿದ ಬೇಲಿ ನೋಡಿ ಆರು ಗಂಟೆಗೆ ನನಗೆ ಫೋನ್ ಮಾಡುತ್ತಾನೆ. ಆನೆ ಕಂಡ ದಿನ, ಯಾವ ತೋಟದ ಯಾವ ಬ್ಲಾಕಿನಲ್ಲಿ ಎಷ್ಟು ಆನೆ ಎಂದು ನಾನು ಎರಡು ಸಾಲಿನಲ್ಲಿ ಬರೆದು, ಒಟ್ಟಿಗೇ ಮೆಸೇಜು ಕಳಿಸಿಕೊಡುವ ಒಂದು ಕಂಪನಿಯ ಖಾತೆಯಿಂದ, ತೋಟದ ಸಾಲುಮನೆಗಳಲ್ಲಿ, ಅಂದರೆ ಲೈನುಗಳಲ್ಲಿ, ಇರುವ ಕೆಲಸಗಾರರ ಆರುನೂರ ಚಿಲ್ಲರೆ ಫೋನಿಗೆ ಆರೂಕಾಲಿಗೆ ಬಿಡುತ್ತೇನೆ. ಓದಲು ಬಾರದವರಿಗೆ ಅದೇ ಮಾತು ನನ್ನ ಧ್ವನಿಯಲ್ಲಿ ಹೋಗುತ್ತದೆ. ಏಳು ಗಂಟೆಗೆ ಅವರು ಹಣ್ಣು ಕೊಯ್ಯಲು ಲೈನು ಬಿಟ್ಟು ಹೊರಡುತ್ತಾರೆ. ಆರೂಕಾಲಿಗೂ ಏಳಕ್ಕೂ ನಡುವಿನ ಆ ಮುಕ್ಕಾಲು ಗಂಟೆಯೇ ನನ್ನ ಉದ್ಯೋಗ ಎಂದರೂ ಸರಿ.

ಅಂದು ವಾಚರು ಹೇಳಿದ್ದು ಇಷ್ಟು: "ಅಕ್ಕ, ಮೂರು ಉಂಟು. ಒಂದು ಮರಿ ಸಹ. ಕೆರೆ ಮೇಲಿನ ಬ್ಲಾಕಲ್ಲಿ ನಿಂತಿದಾವೆ. ತಾಯಿದು ಬುದ್ಧಿ ಸರಿ ಇಲ್ಲ ಇವತ್ತು, ನನ್ನನ್ನೇ ಅಟ್ಟಿಸ್ಕೊಂಡು ಬಂತು. ಬೇಗ ಹಾಕಿ."

ಹಾಕುವುದು ಎಲ್ಲಿಂದ? ಕಂಪ್ಯೂಟರನ್ನು ಬಿಟ್ಟು ಫೋನು ಹಿಡಿದೆ. ಪ್ರತಿ ತೋಟದಲ್ಲೂ ಹಾಜರಿ ಹಾಕುವ ರೈಟರು ಒಬ್ಬ ಇರುತ್ತಾನೆ. ಹದಿನಾಲ್ಕು ರೈಟರುಗಳಿಗೆ ಒಬ್ಬೊಬ್ಬರಾಗಿ ಫೋನ್ ಮಾಡಿದೆ. ಹದಿಮೂರು ಮಂದಿ ಎತ್ತಿದರು. ಎತ್ತದವನು ಕೆರೆ ಇರುವ ತೋಟದವನೇ. ಕೊನೆಗೆ ಸಂಘದ ಅಧ್ಯಕ್ಷೆಗೆ ಫೋನ್ ಮಾಡಿದೆ. ಅವರಿಗೆ ಎಪ್ಪತ್ತಮೂರು ವರ್ಷ, ಹಳೇ ಜೀಪು ಇಂದಿಗೂ ಅವರೇ ಓಡಿಸುತ್ತಾರೆ. ನಾವೆಲ್ಲ ಅವರನ್ನು ಆಂಟಿ ಎನ್ನುತ್ತೇವೆ. "ನೀನು ಫೋನ್ ಇಡು, ನಾನು ಹೊರಟೆ" ಎಂದರು. ಏಳಕ್ಕೆ ಐದು ನಿಮಿಷ ಇರುವಾಗ ಆ ತೋಟ ತಲುಪಿ, ಹಾಜರಿಯ ಗಂಟೆಯನ್ನು ತಾವೇ ಬಡಿದು, ಹೊರಟಿದ್ದವರನ್ನೆಲ್ಲ ತಿರುಗಿಸಿದರಂತೆ. ರೈಟರು ಸ್ನಾನಕ್ಕೆ ಹೋಗಿದ್ದ. ಅವನಿಗೆ ಆಂಟಿ ಏನು ಹೇಳಿದರೆಂದು ಇಲ್ಲಿ ಬರೆಯುವಂತಿಲ್ಲ.

ಯಾರಿಗೂ ಏನೂ ಆಗಲಿಲ್ಲ ಎಂದು ಉಸಿರು ಬಿಡುವಷ್ಟರಲ್ಲಿ, ಒಂಬತ್ತೂಕಾಲಿಗೆ, ನನ್ನದೇ ಫೋನು ಸದ್ದು ಮಾಡಿತು. ನಮ್ಮ ಸಂಘದ ಹೆಸರಿನಲ್ಲೇ ಮೆಸೇಜು ಬಂದಿತ್ತು. ಉಚಿತ ರೀಚಾರ್ಜ್ ಬೇಕಿದ್ದರೆ ಈ ಲಿಂಕ್ ಒತ್ತಿ ಎಂದಿತ್ತು. ಆರುನೂರ ಚಿಲ್ಲರೆ ಫೋನಿಗೂ ಅದು ಹೋಗಿತ್ತು. ಮೂರು ವರ್ಷ ಆನೆಯ ವಿಷಯ ಬಿಟ್ಟು ಬೇರೇನನ್ನೂ ಹೇಳದ ಹೆಸರು ಅದು. ಜನ ನಂಬಿ ಒತ್ತಿದರು. ಕೆಲವರ ಫೋನು ಕೆಟ್ಟು ಕೂತಿತು, ಕೆಲವರು ಸಿಟ್ಟಿನಲ್ಲಿ ನಮ್ಮ ಹೆಸರನ್ನೇ ಬ್ಲಾಕ್ ಮಾಡಿದರು.

ಕಂಪನಿಯವರಿಗೆ ಫೋನ್ ಮಾಡಿದರೆ, ಹಿಂದಿನ ದಿನ ಸಂಜೆ ನಮ್ಮ ಸಂಘದ ಇಮೇಲಿನಿಂದಲೇ ಪಾಸ್‌ವರ್ಡ್ ಬದಲಿಸಲಾಗಿದೆ ಎಂದರು. ಇಮೇಲು ತೆರೆಯಲು ಹೋದರೆ ಅದೂ ನನ್ನನ್ನು ಒಳಗೆ ಬಿಡಲಿಲ್ಲ. ಆಗ ಅರ್ಥವಾಯಿತು. ಕಳ್ಳ ಮೊದಲು ಹೊಕ್ಕಿದ್ದು ಇಮೇಲಿಗೆ. ಇಮೇಲು ಕೈಗೆ ಸಿಕ್ಕರೆ ಮಿಕ್ಕ ಖಾತೆಗಳಿಗೆಲ್ಲ 'ಪಾಸ್‌ವರ್ಡ್ ಮರೆತಿದ್ದೇನೆ' ಎಂದು ಹೇಳಿದರೆ ಸಾಕು, ಹೊಸ ಪಾಸ್‌ವರ್ಡಿನ ದಾರಿ ಆ ಇಮೇಲಿಗೇ ಬರುತ್ತದೆ.

ನಮ್ಮ ಪುಣ್ಯಕ್ಕೆ ಇಮೇಲಿನ ಖಾತೆಯಲ್ಲಿ ಆಂಟಿಯ ಮೊಬೈಲ್ ನಂಬರು ಇನ್ನೂ ಇತ್ತು. ಕಳ್ಳ ಅದನ್ನು ತೆಗೆಯಲು ಹೋಗಿದ್ದ, ಆದರೆ ಏಳು ದಿನ ಕಾಯಬೇಕು ಎಂದು ಖಾತೆ ಅವನಿಗೂ ಹೇಳಿತ್ತು. ಆ ನಂಬರಿಗೆ ಕೋಡು ತರಿಸಿ ಮಧ್ಯಾಹ್ನದೊಳಗೆ ಇಮೇಲನ್ನು ಹಿಂದಕ್ಕೆ ಪಡೆದೆ. ನಾನು ಫೋನ್ ಮಾಡಿದ ಮೇಲೆ ಮೆಸೇಜು ಕಂಪನಿಯವರು ಖಾತೆಯನ್ನೇ ತಡೆಹಿಡಿದಿದ್ದರು; ಹಾಗಾಗಿ ಅವರಿಗೆ ಲೆಟರ್‌ಹೆಡ್ಡಿನಲ್ಲಿ ಅರ್ಜಿ, ಸೀಲು, ಆಂಟಿಯ ಸಹಿ, ಗುರುತಿನ ಚೀಟಿ ಎಲ್ಲ ಕಳಿಸಿದೆ. ಅವರು ಗುರುವಾರ ಮಧ್ಯಾಹ್ನ ಖಾತೆ ತೆರೆದುಕೊಟ್ಟರು. ಈ ಹೊತ್ತಿಗೆ ನಾನು ಒಂದು ತಪ್ಪೊಪ್ಪಿಗೆ ಮಾಡಿಕೊಳ್ಳಬೇಕು. ಎರಡಕ್ಕೂ ಇದ್ದದ್ದು ಒಂದೇ ಪಾಸ್‌ವರ್ಡು. ಸಂಘದ ಹೆಸರು, ಪಕ್ಕದಲ್ಲಿ ಪಿನ್ ಕೋಡು. ಅದೂ ಸಾಲದೆಂದು ಒಂದು ಚೀಟಿಯಲ್ಲಿ ಬರೆದು ಕೀಬೋರ್ಡಿನ ಅಡಿಗೆ ಅಂಟಿಸಿದ್ದೆ. ಆ ಚೀಟಿ ಕಿತ್ತು ಒಲೆಗೆ ಹಾಕಿದೆ.

ಆದರೆ ಕಳ್ಳನಿಗೆ ಆ ಚೀಟಿಯ ಅಗತ್ಯವೇ ಬಿದ್ದಿರಲಿಲ್ಲ. ಇಮೇಲಿನಲ್ಲಿ ಯಾರು ಯಾವಾಗ ಏನು ಮಾಡಿದರು ಎಂದು ತೋರಿಸುವ ಪುಟ ಇರುತ್ತದೆ. ಅಲ್ಲಿ ಹೀಗಿತ್ತು: ಗುಪ್ತ ಪ್ರಶ್ನೆಗೆ ಸರಿಯಾದ ಉತ್ತರ ನೀಡಿ ಪಾಸ್‌ವರ್ಡ್ ಬದಲಿಸಲಾಗಿದೆ. ಖಾತೆ ತುಂಬ ಹಳೆಯದು, ಆಂಟಿಯ ಹೆಸರಿನಲ್ಲಿ ಮಾಡಿದ್ದು. ಗುಪ್ತ ಪ್ರಶ್ನೆ ಯಾವುದೆಂದು ನೋಡಿದೆ. 'ನಿಮ್ಮ ತಾಯಿಯ ತವರುಮನೆಯ ಹೆಸರೇನು?'

ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಬೇರೆ ಊರಲ್ಲಿ ಅದು ಗುಟ್ಟಿರಬಹುದು. ಕೊಡಗಿನಲ್ಲಿ ಅದು ಗುಟ್ಟೇ? ಕೊಡವರು ತವರುಮನೆಗೆ ತಾಮನೆ ಎನ್ನುತ್ತಾರೆ. ಮನುಷ್ಯರನ್ನು ಗುರುತಿಸುವುದೇ ಮನೆತನ ಮತ್ತು ತಾಮನೆಯಿಂದ. ಮದುವೆ ಕಾಗದದಲ್ಲಿ ಅದು ಅಚ್ಚಾಗುತ್ತದೆ, ಪತ್ರಿಕೆಯ ನಿಧನ ಸುದ್ದಿಯಲ್ಲೂ ಅಚ್ಚಾಗುತ್ತದೆ. ನಾನು ಕೊಡವಳಲ್ಲ, ಭಾಗಮಂಡಲದ ಕಡೆಯ ಅರೆಭಾಷೆ ಮಾತಾಡುವವಳು. ನಮ್ಮಲ್ಲೂ ಯಾವ ಮನೆ, ಅಮ್ಮ ಎಲ್ಲಿಯವರು ಎಂದು ಕೇಳಿ ಮುಗಿಯುವ ತನಕ ಕಾಫಿ ಒಲೆಯಿಂದ ಇಳಿಯುವುದಿಲ್ಲ. ಇನ್ನೂ ಹೇಳಬೇಕೆಂದರೆ, ಎರಡು ತಿಂಗಳ ಹಿಂದೆ ಆಂಟಿಗೆ ಸನ್ಮಾನ ಆದಾಗ ಸಂಘದ ಫೇಸ್‌ಬುಕ್ ಪುಟದಲ್ಲಿ ಅವರ ಪರಿಚಯ ಬರೆದಿದ್ದೆ. ಅವರ ಮನೆ, ಅವರ ತಾಮನೆ, ಅವರ ತಾಯಿಯ ತಾಮನೆ, ಒಂದೂ ಬಿಡದೆ. ಅದರ ಕೆಳಗೇ ಸಂಪರ್ಕಕ್ಕೆ ಎಂದು ಸಂಘದ ಇಮೇಲನ್ನೂ ಕೊಟ್ಟಿದ್ದೆ. ಕಳ್ಳನಿಗೆ ಬೀಗ ಎಲ್ಲಿದೆ, ಬೀಗದ ಕೈ ಎಲ್ಲಿದೆ ಎಂದು ಒಂದೇ ಪುಟದಲ್ಲಿ ತೋರಿಸಿಕೊಟ್ಟವಳು ನಾನೇ.

ಆ ಪ್ರಶ್ನೆಯನ್ನು ತೆಗೆದುಹಾಕಲು ಹಳೆಯ ಖಾತೆ ಬಿಡುತ್ತಿರಲಿಲ್ಲ, ಬದಲಿಸಬಹುದಿತ್ತು ಅಷ್ಟೇ. ಗುರುವಾರ ಸಂಜೆ ಆಂಟಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೇರೆ ಪ್ರಶ್ನೆಗಳ ಪಟ್ಟಿ ತೆರೆದೆ. ಮೊದಲು ಓದಿದ ಶಾಲೆ? ಆ ಶಾಲೆಯ ಗೋಡೆಯಲ್ಲಿ ಹಾಕಿ ಆಟದ ತಂಡದ ಜೊತೆ ಅವರ ಫೋಟೋ ನೇತಾಡುತ್ತಿದೆ. ಹುಟ್ಟಿದ ಊರು? ಸನ್ಮಾನ ಪತ್ರದಲ್ಲಿ ಇದೆ. ಸಾಕಿದ ನಾಯಿಯ ಹೆಸರು? ಅವರ ಮನೆಯಲ್ಲಿ ಐವತ್ತು ವರ್ಷದಿಂದ ನಾಯಿಗಳು ಬದಲಾಗಿವೆ, ಹೆಸರು ಬದಲಾಗಿಲ್ಲ. ಬೆಳಿಗ್ಗೆ ಅವರು ಜಗಲಿಯಲ್ಲಿ ನಿಂತು ಕರೆದರೆ ಪಕ್ಕದ ಎರಡು ತೋಟಕ್ಕೆ ಕೇಳಿಸುತ್ತದೆ.

"ಆಂಟಿ, ಪ್ರಶ್ನೆ ಯಾವುದಾದರೂ ಇರಲಿ. ಉತ್ತರ ಸುಳ್ಳು ಕೊಡುವ. ತಾಮನೆ ಅಂತ ಕೇಳಿದಲ್ಲಿ ಬೇರೆ ಏನಾದ್ರೂ ಹಾಕುವ" ಎಂದೆ.

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಎಂತ ಹೇಳ್ತಿದ್ದಿ ಮಾರಾಯ್ತಿ? ನನ್ನ ಅಮ್ಮನ ಮನೆ ಹೆಸರು ನಾನು ಸುಳ್ಳು ಹೇಳ್ಬೇಕಾ?"

"ಜನರಿಗಲ್ಲ ಆಂಟಿ, ಕಂಪ್ಯೂಟರಿಗೆ."

"ಯಾರಿಗಾದರೂ ಆಗ್ಲಿ. ನನ್ನ ಅಮ್ಮ ಆ ಮನೆ ಹೆಸರು ಹೇಳುವಾಗ ಕೂತಿದ್ದವಳು ಎದ್ದು ನಿಲ್ತಿದ್ದಳು, ಗೊತ್ತುಂಟಾ? ನೀನು ಬೇರೆ ಎಂತ ಬೇಕಾದ್ರೂ ಬದಲಿಸು. ಅದು ಹಾಗೇ ಇರ್ಲಿ."

ನಾನು ವಾದಿಸಬೇಕಿತ್ತು. ವಾದಿಸಲಿಲ್ಲ. ಹೊಸ ಪಾಸ್‌ವರ್ಡು ಹಾಕಿದೆ, ಗಟ್ಟಿಯಾದದ್ದೇ ಹಾಕಿದೆ, ಅಷ್ಟು ಸಾಕು ಎಂದುಕೊಂಡೆ. ಫೇಸ್‌ಬುಕ್ಕಿನಲ್ಲಿ ಆ ಪರಿಚಯವನ್ನು ಅಳಿಸಿದೆ. ಕಳ್ಳ ಅದನ್ನು ಆಗಲೇ ಓದಿಯಾಗಿದೆ ಎಂಬುದು ನನಗೆ ಹೊಳೆಯಲಿಲ್ಲವೆಂದಲ್ಲ. ಹೊಳೆದಿತ್ತು, ಆದರೆ ಆಂಟಿಯ ಎದುರು ಎರಡನೆಯ ಸಲ ಬಾಯಿ ತೆರೆಯುವ ಧೈರ್ಯ ಬರಲಿಲ್ಲ.

ಶುಕ್ರವಾರ ಮೆಸೇಜು ಸರಿಯಾಗಿ ಹೋಯಿತು. ಶನಿವಾರ ಬೆಳಿಗ್ಗೆ ಮತ್ತೆ 'ಪಾಸ್‌ವರ್ಡ್ ತಪ್ಪಾಗಿದೆ'. ಅದೇ ಪ್ರಶ್ನೆ, ಅದೇ ಉತ್ತರ, ಅದೇ ದಾರಿ. ಅಂದು ಆನೆ ಎರಡು ಕಡೆ ಇದ್ದವು, ನಮ್ಮಲ್ಲಿ ಇದ್ದದ್ದು ಒಂದೇ ಜೀಪು. ಆಂಟಿ ದೂರದ ತೋಟಕ್ಕೆ ಹೊರಟರು. ಇನ್ನೊಂದು ತೋಟದ ರೈಟರ ಫೋನಿಗೆ ನೆಟ್‌ವರ್ಕ್ ಸಿಗಲಿಲ್ಲ. ನಾನು ಸ್ಕೂಟರು ಹತ್ತಿದೆ. ಗೇಟು ದಾಟುವಾಗಲೇ ಒಳಗಿನಿಂದ ಕೂಗು ಕೇಳಿಸಿತು. ಕೊಯ್ಲಿನವರು ದಿಕ್ಕಾಪಾಲಾಗಿ ಓಡಿಬರುತ್ತಿದ್ದರು. ಒಬ್ಬಂಟಿ ಸಲಗ ಬೇಲಿಯ ಮರೆಯಿಂದ ಎದ್ದು ಬಂದಿತ್ತು. ಓಡುವಾಗ ಒಬ್ಬ ಹೆಂಗಸು ಕಾಲುವೆಗೆ ಬಿದ್ದು ಮುಂಗೈ ಮುರಿದುಕೊಂಡಳು. ಆನೆ ಅವಳ ಕೊಯ್ಲಿನ ಚೀಲವನ್ನು ತುಳಿದು, ಅವಳನ್ನು ಬಿಟ್ಟು, ತೋಟ ದಾಟಿ ಹೋಯಿತು.

ವಿರಾಜಪೇಟೆಯ ಆಸ್ಪತ್ರೆಗೆ ಆಂಟಿಯ ಜೀಪಿನಲ್ಲೇ ಅವಳನ್ನು ಕರೆದುಕೊಂಡು ಹೋದೆವು. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬೆಂಚಿನಲ್ಲಿ ಕೂತು ಅವಳು ನನ್ನನ್ನು ಕೇಳಿದಳು. ಬೈಯಲಿಲ್ಲ, ಸುಮ್ಮನೆ ಕೇಳಿದಳು: "ಆನೆ ಇದ್ರೆ ನಿಮ್ಮ ವಾಯ್ಸ್ ಬರುತ್ತಲ್ಲಾ ಮೇಡಂ. ಇವತ್ತು ಬರ್ಲಿಲ್ಲ. ಬರ್ಲಿಲ್ಲ ಅಂದ್ರೆ ಆನೆ ಇಲ್ಲ ಅಂತ ತಾನೆ?"

ಅವಳ ಲೆಕ್ಕ ಸರಿಯೇ ಇತ್ತು. ಆನೆ ಇದ್ದ ದಿನ ಮಾತ್ರ ನಾವು ಮೆಸೇಜು ಕಳಿಸುತ್ತಿದ್ದೆವು. ಇಲ್ಲದ ದಿನ ಸುಮ್ಮನಿರುತ್ತಿದ್ದೆವು. ಕಳ್ಳ ನಮ್ಮ ಬಾಯಿ ಕಟ್ಟಿದಾಗ ನಮ್ಮ ಮೌನ ಅವಳಿಗೆ ಧೈರ್ಯ ಹೇಳಿತ್ತು. ನನಗೆ ನಾಚಿಕೆಯಾಯಿತು, ಅಳುವೂ ಬಂತು. ಆಸ್ಪತ್ರೆಯ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದೆ.

ಅವಳನ್ನು ಲೈನಿಗೆ ಬಿಟ್ಟು ಹಿಂದಿರುಗುವಾಗ ಜೀಪಿನಲ್ಲಿ ನಾವಿಬ್ಬರೇ. ನಾನು ಮನಸ್ಸು ಗಟ್ಟಿ ಮಾಡಿದೆ. "ಆಂಟಿ, ಆ ಪ್ರಶ್ನೆಯ ಉತ್ತರ ಬದಲಾಗದಿದ್ದರೆ ನಾಳೆಯಿಂದ ನಾನು ಆ ಖಾತೆ ಮುಟ್ಟುವುದಿಲ್ಲ. ಬೇಕಾದರೆ ಬೇರೆ ಕ್ಲಾರ್ಕನ್ನು ಹುಡುಕಿ" ಎಂದೆ. ಅವರು ಗೇರು ಬದಲಿಸಿದರು. "ಅದು ಮದುವೆ ಕಾಗದ ಅಲ್ಲ ಆಂಟಿ, ಬೀಗ. ಬೀಗಕ್ಕೆ ನಿಜ ಬೇಡ, ಬೀಗದ ಕೈ ಬೇಕು. ಊರಿಗೆಲ್ಲ ಗೊತ್ತಿರುವ ಬೀಗದ ಕೈಯಿಂದ ಏನು ಪ್ರಯೋಜನ?" ಎಂದೆ. ಈ ಕಚೇರಿಗೆ ಸೇರಿದ ಹದಿನೈದು ವರ್ಷದಲ್ಲಿ ಅವರ ಮುಂದೆ ಅಷ್ಟು ದೊಡ್ಡ ಸ್ವರದಲ್ಲಿ ನಾನು ಮಾತಾಡಿದ್ದು ಅದೇ ಮೊದಲು.

ಕಚೇರಿಯ ಗೇಟು ಬಂತು. ಆಂಟಿ ಜೀಪು ನಿಲ್ಲಿಸಿ, ಇಳಿಯದೆ ಹೇಳಿದರು: "ಆ ಹೆಣ್ಣಿನ ಕೈ ನೋಡಿದ ಮೇಲೆ ನಾನು ಎಂತ ಹೇಳ್ಲಿ? ಆದರೆ ಸುಳ್ಳು ನಾನೇ ಬರೀತೇನೆ. ನೀನು ಆ ಕಡೆ ತಿರುಗು."

ಮತ್ತೆ ಆಂಟಿಯ ಮೊಬೈಲಿಗೆ ಕೋಡು ತರಿಸಿ ಇಮೇಲು ಬಿಡಿಸಿಕೊಂಡೆ. ಪ್ರಶ್ನೆಯ ಪುಟ ತೆರೆದುಕೊಟ್ಟು ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿ ನಿಂತೆ. ಒಂದೇ ಬೆರಳಿನಲ್ಲಿ ಅವರು ಒತ್ತುವುದು ಕೇಳಿಸುತ್ತಿತ್ತು. ನಾಲ್ಕು ನಿಮಿಷ ಹಿಡಿಯಿತು. ನಡುವೆ ಒಮ್ಮೆ ಕಿಸಕ್ಕನೆ ನಕ್ಕ ಹಾಗೂ ಆಯಿತು. ಏನು ಬರೆದರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅವರು ಅದನ್ನು ಒಂದು ಕಾಗದದಲ್ಲಿ ಬರೆದು, ಲಕೋಟೆಯಲ್ಲಿ ಹಾಕಿ ಅಂಟಿಸಿ, ಮೇಲೆ ಸಹಿ ಮಾಡಿ ತಮ್ಮ ಮನೆಯ ಕಬ್ಬಿಣದ ಬೀರುವಿನಲ್ಲಿ ಇಟ್ಟರು.

ಅಂದು ನಾನು ಊಟಕ್ಕೆ ಏಳಲಿಲ್ಲ. ಮೊದಲು ಇಮೇಲಿನ ಪಾಸ್‌ವರ್ಡು, ಯಾಕೆಂದರೆ ಮಿಕ್ಕ ಬಾಗಿಲುಗಳೆಲ್ಲ ಅಲ್ಲಿಂದಲೇ ತೆರೆಯುತ್ತವೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದಗಳನ್ನು ಜೋಡಿಸಿ ಉದ್ದದ ಪಾಸ್‌ವರ್ಡು ಮಾಡಿದೆ. ಅವು ಯಾವುವೆಂದು ಇಲ್ಲಿ ಹೇಳುತ್ತೇನೆಂದು ಕಾದಿದ್ದರೆ ಕಾಯುತ್ತಲೇ ಇರಿ. ಮೆಸೇಜು ಖಾತೆ ಕೈಗೆ ಬಂದಾಗ ಹಾಕಲು ಬೇರೆಯದೇ ನಾಲ್ಕು ಪದ ಯೋಚಿಸಿಟ್ಟೆ. ಆಮೇಲೆ ಎಲ್ಲ ಸಾಧನಗಳಿಂದಲೂ ಖಾತೆಯನ್ನು ಲಾಗ್ ಔಟ್ ಮಾಡಿದೆ, ಒಳಗೆ ಕೂತಿದ್ದ ಕಳ್ಳನೂ ಹೊರಗೆ ಬೀಳಲಿ ಎಂದು. ಕೊನೆಗೆ ಒಂದೊಂದೇ ಸೆಟ್ಟಿಂಗ್ ತೆರೆದು ನೋಡುತ್ತಿರುವಾಗ ಸಿಕ್ಕಿತು: ನಮಗೆ ಬರುವ ಪ್ರತಿ ಪತ್ರದ ನಕಲು ಯಾವುದೋ ಅಪರಿಚಿತ ವಿಳಾಸಕ್ಕೆ ಹೋಗುವಂತೆ ಅವನು ಏರ್ಪಾಡು ಮಾಡಿಟ್ಟಿದ್ದ. ಪಾಸ್‌ವರ್ಡು ಎಷ್ಟು ಸಲ ಬದಲಿಸಿದ್ದರೂ ನಮ್ಮ ಪತ್ರಗಳನ್ನು ಅವನು ಓದುತ್ತಲೇ ಇರುತ್ತಿದ್ದ. ಅದನ್ನು ಅಳಿಸಿದಾಗ ಆದ ಸಂತೋಷ, ಕಾಲಿಗೆ ಹತ್ತಿದ ಜಿಗಣೆಯನ್ನು ಕಿತ್ತೆಸೆದ ಹಾಗೆ.

ಎರಡನೆಯ ಹಂತದ ಕೋಡನ್ನೂ ಹಾಕಿದೆ. ಈಗ ಪಾಸ್‌ವರ್ಡು ಗೊತ್ತಿದ್ದರೂ ಸಾಲದು, ನನ್ನ ಫೋನಿನಲ್ಲೋ ಆಂಟಿಯ ಫೋನಿನಲ್ಲೋ ಮೂಡುವ ಆರು ಅಂಕಿಯೂ ಬೇಕು. ಫೋನುಗಳೇ ಕಳೆದುಹೋದರೆ ಎಂದು ಕೊಡುವ ಹತ್ತು ತುರ್ತು ಕೋಡುಗಳನ್ನು ಅಚ್ಚು ತೆಗೆದೆ, ಅವೂ ಅದೇ ಬೀರುವಿಗೆ ಹೋದವು. ಸೋಮವಾರ ಮೆಸೇಜು ಕಂಪನಿಯವರು ಖಾತೆ ಹಿಂದಿರುಗಿಸಿದರು. ಫೋನಿನಲ್ಲಿದ್ದ ಹುಡುಗಿ ನಾನು ಮಾಡಿದ್ದನ್ನೆಲ್ಲ ಕೇಳಿ, "ಮೇಡಂ, ನಿಮ್ಮಲ್ಲಿ ಐಟಿಯವರು ಯಾರು?" ಎಂದಳು. "ನಾನೇ" ಎಂದೆ. ಆ ಎರಡಕ್ಷರ ಹೇಳುವಾಗ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು, ಸುಳ್ಳೇಕೆ ಹೇಳಲಿ.

ಖಾತೆ ಬಂತು, ನಂಬಿಕೆ ಬರಬೇಕಿತ್ತು. ಅದು ಕಂಪ್ಯೂಟರಿನಿಂದ ಆಗುವ ಕೆಲಸವಲ್ಲ. ಎಂಟು ದಿನ ಸಂಜೆ ಹೊತ್ತು ಸ್ಕೂಟರಿನಲ್ಲಿ ಲೈನಿನಿಂದ ಲೈನಿಗೆ ಹೋದೆ. ಕನ್ನಡ, ನನ್ನ ಹರಕು ತಮಿಳು, ಅದಕ್ಕಿಂತ ಹರಕಾದ ಮಲಯಾಳಂ, ಅಸ್ಸಾಮಿನಿಂದ ಬಂದವರಿಗೆ ಕೈಸನ್ನೆ ಬೆರೆಸಿದ ಹಿಂದಿ, ಎಲ್ಲದರಲ್ಲೂ ಎರಡೇ ಮಾತು ಹೇಳಿದೆ. ಒಂದು, ನಮ್ಮ ಮೆಸೇಜಿನಲ್ಲಿ ಒತ್ತುವ ಲಿಂಕು ಎಂದಿಗೂ ಇರುವುದಿಲ್ಲ, ಇದ್ದರೆ ಅದು ನಮ್ಮದಲ್ಲ. ಎರಡು, ಇನ್ನು ಮೇಲೆ ಆನೆ ಇದ್ದರೂ ಇಲ್ಲದಿದ್ದರೂ ದಿನಾ ಆರೂಕಾಲಿಗೆ ನನ್ನ ಸ್ವರ ಬರುತ್ತದೆ. ಬರಲಿಲ್ಲ ಎಂದರೆ ಏನೋ ಕೆಟ್ಟಿದೆ ಎಂದರ್ಥ, ರೈಟರು ಹೇಳುವ ತನಕ ಯಾರೂ ಹೊರಡಬಾರದು. ಬ್ಲಾಕ್ ಮಾಡಿದ್ದವರ ಫೋನು ಇಸಿದುಕೊಂಡು ನಾನೇ ಸರಿಮಾಡಿದೆ. ಪ್ಲಾಸ್ಟರ್ ಹಾಕಿದ ಹೆಂಗಸು ತನ್ನ ಲೈನಿನಲ್ಲಿ ನನಗಿಂತ ಚೆನ್ನಾಗಿ ಹೇಳಿಕೊಟ್ಟಳು. "ಮೇಡಂ ವಾಯ್ಸ್ ಬರೋ ತನಕ ಯಾರೂ ಚಪ್ಪಲಿ ಹಾಕ್ಬಾರ್ದು" ಎಂದು ಒಳ್ಳೆಯ ಕೈಯ ಬೆರಳು ತೋರಿಸಿ ಗದರಿಸುತ್ತಿದ್ದಳು.

ಎರಡು ವಾರ ಕಳೆದ ಮೇಲೆ ಒಂದು ದಿನ ಹನ್ನೊಂದು ಗಂಟೆಗೆ ಆಂಟಿ ಕಚೇರಿಯಲ್ಲಿ ಕಾಫಿ ಕುಡಿಯುತ್ತಿದ್ದರು. ಅವರ ಫೋನು ಬಡಿಯಿತು. ಕಿವಿ ಮಂದ, ಹಾಗಾಗಿ ಯಾವಾಗಲೂ ಸ್ಪೀಕರಿನಲ್ಲೇ ಮಾತು.

"ನಮಸ್ಕಾರ ಮೇಡಂ, ನಿಮ್ಮ ಇಮೇಲ್ ಖಾತೆ ವಿಭಾಗದಿಂದ ಮಾತಾಡ್ತಿದ್ದೀವಿ. ಇವತ್ತು ಸಂಜೆ ನಿಮ್ಮ ಖಾತೆ ಬಂದ್ ಆಗುತ್ತೆ. ಒಂದೇ ಒಂದು ಮಾಹಿತಿ ಬೇಕು. ನಿಮ್ಮ ತಾಯಿಯವರ ತವರುಮನೆ ಹೆಸರು?"

ನಾನು ಕುರ್ಚಿಯಿಂದ ಹಾರಿ ಎದ್ದೆ. ಬೇಡ, ಬೇಡ ಎಂದು ಎರಡೂ ಕೈ ಆಡಿಸಿದೆ. ಆಂಟಿ ನನ್ನನ್ನು ನೋಡಿ, ಕೂತುಕೋ ಎಂದು ಸನ್ನೆ ಮಾಡಿದರು. ಕಾಫಿ ಲೋಟ ಕೆಳಗಿಟ್ಟರು. ಆಮೇಲೆ ಎದ್ದು ನಿಂತರು. ನೆಟ್ಟಗೆ ನಿಂತು, ತಮ್ಮ ತಾಯಿಯ ಮನೆತನದ ಹೆಸರನ್ನು ಪೂರ್ತಿಯಾಗಿ, ಬಿಡಿಸಿ ಬಿಡಿಸಿ ಹೇಳಿದರು. ಅದು ಯಾವ ಊರಿನ ಮನೆ, ಅಮ್ಮನಿಗೆ ಎಷ್ಟು ಅಣ್ಣಂದಿರು, ಅದರಲ್ಲಿ ಸೈನ್ಯಕ್ಕೆ ಹೋದವರು ಯಾರು, ಎಲ್ಲ ಹೇಳಿದರು. "ಬರ್ಕೊಂಡ್ಯಾ?" ಎಂದು ಕೇಳಿದರು.

ಆ ಕಡೆ ಟಪಟಪ ಒತ್ತುವ ಸದ್ದಾಯಿತು. ಹಳೆಯ ಉತ್ತರ ನಡೆಯದೆ ಹೋದದ್ದರಿಂದ, ಕಾಗುಣಿತ ಬದಲಾಗಿದೆಯೋ ಎಂದು ನೋಡುತ್ತಿದ್ದಿರಬೇಕು. "ಇದು... ಇದು ತಪ್ಪು ಅಂತ ಬರ್ತಿದೆ ಮೇಡಂ. ಬೇರೆ ಏನಾದ್ರೂ ಇದೆಯಾ?"

"ತಪ್ಪಾ?" ಆಂಟಿಯ ಸ್ವರ ಏರಿತು. "ನನ್ನ ಅಮ್ಮ ಹುಟ್ಟಿದ ಮನೆ ನನಗೆ ಗೊತ್ತಿಲ್ಲದೆ ನಿನಗೆ ಗೊತ್ತುಂಟಾ? ಅದಿರ್ಲಿ, ನೀನು ಯಾರ ಮನೆಯವ? ನಿನ್ನ ಅಮ್ಮನ ತಾಮನೆ ಯಾವುದು, ಅದನ್ನು ಹೇಳು ನೋಡುವ."

ಫೋನು ಕಟ್ಟಾಯಿತು.

ಆಂಟಿ ಕೂತರು. ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದರು. "ನೋಡಿದ್ಯಾ ಮಾರಾಯ್ತಿ," ಎಂದರು, "ನಾನು ಬಾಯಲ್ಲಿ ಸುಳ್ಳು ಹೇಳ್ಲಿಲ್ಲ."

ಮರುದಿನ ವಾಚರು ಆರಕ್ಕೆ ಫೋನ್ ಮಾಡಿ, ಎಲ್ಲಿಯೂ ಒಂದೂ ಇಲ್ಲ ಅಕ್ಕ ಎಂದ. ನಾಲ್ಕು ಪದ ಒತ್ತಿದೆ, ಆರು ಅಂಕಿ ಒತ್ತಿದೆ, ಬಾಗಿಲು ತೆರೆಯಿತು. 'ಇಂದು ನಮ್ಮ ಯಾವ ತೋಟದಲ್ಲೂ ಆನೆ ಇಲ್ಲ' ಎಂದು ನನ್ನ ಸ್ವರದಲ್ಲಿ ಹೇಳಿ ಆರೂಕಾಲಿಗೆ ಬಿಟ್ಟೆ. ಆಮೇಲೆ ಲೈನಿನವರು ಚಪ್ಪಲಿ ಹಾಕಿಕೊಂಡರು.